ಜಂಬಣ್ಣ ಮೇಸ್ತ್ರಿಯ ಪಾದ

ಪಲ್ಲವಿ ಊರು ಮುಟ್ಟುವ ಹೊತ್ತಿಗೆ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿಯಾಗಿತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ, ಎಡಗೈಯಲ್ಲಿ ಇಷ್ಟಲಿಂಗ. ವಾಲದಿರಲೆಂದು ಎದೆಗೆ ಅಡ್ಡಲಾಗಿ ಬಿಳಿ ಪಂಚೆ ಕಟ್ಟಿದ್ದರು. ಮೊಣಕಾಲಿನ ಕೆಳಗೆ ಏನೂ ಇಲ್ಲದ ಕಡೆ ಯಾರೋ ಪುಣ್ಯಾತ್ಮರು ಕಂಬಳಿಯೊಂದನ್ನು ಮಡಿಸಿ ಇಟ್ಟಿದ್ದರು. ಹೊಳಲ್ಕೆರೆಯಲ್ಲಿ ಬೆಳಗಿನ ಬಸ್ಸು ಹತ್ತಿ, ಹೊಸದುರ್ಗದಲ್ಲಿ ಇಳಿದು, ಶ್ರೀರಾಂಪುರದ ಬಸ್ಸಿಗೆ ಕಾದು, ಅಲ್ಲಿಂದ ಆಟೋ ಹಿಡಿದು ಬರುವ ತನಕ ಅವಳು ಅತ್ತಿರಲಿಲ್ಲ. ಆ ಕಂಬಳಿ ನೋಡಿದಾಗ ಅಳು ಬಂತು.

ಅಳುವುದಕ್ಕೂ ಪುರುಸೊತ್ತು ಕೊಡದ ಹಾಗೆ ಅಂಗಳದಲ್ಲಿ ಜಗಳ ನಡೆದಿತ್ತು. ಜಗಳವೆಂದರೆ ಕೂಗಾಟವಲ್ಲ. ಸಾವಿನ ಮನೆಯಲ್ಲಿ ಜನ ದನಿ ತಗ್ಗಿಸಿ, ತಲೆ ತಗ್ಗಿಸಿ ಆಡುವ ಜಗಳ. ನನ್ನನ್ನು ಕೇಳಿದರೆ ಅದು ಕೂಗಾಟಕ್ಕಿಂತ ಕೆಟ್ಟದ್ದು.

ವಿಷಯ ಇಷ್ಟೆ. ಆ ಊರಿನ ಲಿಂಗಾಯತರು ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸುತ್ತಾರೆ. ಅದಕ್ಕೆ ತೆಗೆಯುವ ಗುಣಿ ಒಂಬತ್ತು ಪಾದ ಉದ್ದ, ಐದು ಪಾದ ಅಗಲದ ಆಯತ. ಗುಣಿಯ ಒಂದು ಗೋಡೆಯಲ್ಲಿ ತ್ರಿಕೋನದ ಗೂಡು ಕೊರೆಯುತ್ತಾರೆ. ಅದರ ಬುಡ ಮೂರು ಪಾದ, ಎತ್ತರ ಐದು. ಸತ್ತವರು ಕೂರುವುದು ಆ ಗೂಡಿನಲ್ಲಿ. ಇನ್ನು ಪಾದವೆಂದರೆ ಯಾರದೋ ಪಾದವಲ್ಲ, ಸತ್ತವರದೇ. ಹಿಮ್ಮಡಿಯಿಂದ ಹೆಬ್ಬೆರಳ ತುದಿವರೆಗೆ ಒಂದು ಕಡ್ಡಿ ಹಿಡಿದು ಮುರಿದುಕೊಂಡು, ಅದನ್ನೇ ಅಳತೆಗೋಲು ಮಾಡಿಕೊಂಡು ರುದ್ರಭೂಮಿಯಲ್ಲಿ ಗೆರೆ ಹಾಕುತ್ತಾರೆ. ಎಷ್ಟೋ ತಲೆಮಾರಿನಿಂದ ಹೀಗೇ ನಡೆದುಬಂದಿದೆ. ಆದರೆ ಮೇಸ್ತ್ರಿ ಜಂಬಣ್ಣನಿಗೆ ಪಾದವೇ ಇರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಐಮಂಗಲದ ಕಡೆಯ ಒಂದು ಕ್ವಾರಿಯಲ್ಲಿ ಕಲ್ಲಿನ ಚಪ್ಪಡಿ ಜಾರಿ ಅವನ ಎರಡೂ ಕಾಲುಗಳ ಮೇಲೆ ಬಿದ್ದಿತ್ತು.

"ಮಗನ ಪಾದ ಹಿಡೀರಪ್ಪ. ಅಪ್ಪಂದೇನು, ಮಗಂದೇನು," ಎಂದರು ಒಬ್ಬರು.

"ಅದೆಲ್ಲ ಯಾಕ್ರಿ? ಟೇಪ್ ಹಿಡಿದು ಗೆರೆ ಹಾಕಿ ಮುಗಿಸ್ರಿ," ಎಂದರು ಇನ್ನೊಬ್ಬರು.

ಪಲ್ಲವಿಯ ತಮ್ಮ ಕೊಟ್ರೇಶ್ ಆಗಲೇ ತನ್ನ ಪಾದದ ಅಳತೆಗೆ ಒಂದು ಬೇವಿನ ಕಡ್ಡಿ ಮುರಿದುಕೊಂಡು ನಿಂತಿದ್ದ. ಶ್ರೀರಾಂಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು, ಅಪ್ಪನನ್ನು ಇಷ್ಟು ವರ್ಷ ಎತ್ತಿ ಇಳಿಸಿ ನೋಡಿಕೊಂಡವನು. ಎರಡು ರಾತ್ರಿ ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿತ್ತು.

ಒಪ್ಪದವಳು ಅವ್ವ. ಹೆಣದ ಪಕ್ಕದಿಂದ ಏಳದೆಯೇ ಬಸಮ್ಮ ಹೇಳಿದಳು: "ಈ ಊರಿನ ಅರ್ಧ ಮನೆಗೆ ಪಾಯ ಹಾಕಿದೋರು ಅವರು. ಕೊನೇಗೆ ಅವರನ್ನ ಬಾಡಿಗೆ ಮನೇಗೆ ಕಳಿಸ್ತೀರೇನು? ಅವರ ಪಾದದ್ದೇ ಆಗ್ಬೇಕು."

"ಎಲ್ಲಿಂದ ತರ್ಲಿ ಅವ್ವ ನಾನು?" ಎಂದ ಕೊಟ್ರೇಶ್.

ಹಳೇ ಚಪ್ಪಲಿ ಇದ್ದರೆ ನೋಡಿ ಎಂದು ಯಾರೋ ಅಂದರು. ಚಪ್ಪಲಿ ಎಲ್ಲಿಯದು? ಆಸ್ಪತ್ರೆಯಿಂದ ಬಂದ ವಾರವೇ ಜಂಬಣ್ಣ ಅವನ್ನು ದಾನ ಕೊಟ್ಟುಬಿಟ್ಟಿದ್ದ. ಗುಣಿ ತೆಗೆಯಲು ಹಾರೆ ಗುದ್ದಲಿ ಹಿಡಿದು ಬಂದಿದ್ದ ಮುದುಕ ಜುಂಜಯ್ಯ ಕೊಟ್ರೇಶನ ಕಡ್ಡಿ ನೋಡಿ ತಲೆ ಅಲ್ಲಾಡಿಸಿದ. ಅವನು ಜಂಬಣ್ಣನ ಜೊತೆ ಕಲ್ಲು ಕಡಿದು ಮುದುಕನಾದವನು.

"ಇಷ್ಟುದ್ದ ಇರ್ಲಿಲ್ಲಪ್ಪ. ಆಳು ಎತ್ತರ ಇದ್ರೂ ಪಾದ ಗಿಡ್ಡ ಇತ್ತು ಅಣ್ಣಂದು. ಎಷ್ಟು ಗಿಡ್ಡ ಅಂದ್ರೆ ನನ್ನ ಕೈಲಿ ಹೇಳಾಕಾಗಲ್ಲ."

ಪಲ್ಲವಿಗೆ ಗೊತ್ತಿತ್ತು. ಆ ಅಂಗಳದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಹೇಳಬೇಕಾದರೆ ಮೂವತ್ತು ವರ್ಷದಿಂದ ಬಾಯಿಗೆ ತಾರದ ಒಂದು ಮಾತನ್ನು ಅದೇ ಜನರ ಮುಂದೆ ಮತ್ತೆ ಆಡಬೇಕಿತ್ತು. ಅವಳು ಒಳಗೆ ಹೋಗಿ, ನೀರು ಕುಡಿದು, ಅಡುಗೆಮನೆಯ ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತಳು.

ಅಪ್ಪನ ಅಳತೆ ನೋಡುವುದೇ ಅವಳಿಗೆ ಚಿಕ್ಕಂದಿನಲ್ಲಿ ಒಂದು ಸಂಭ್ರಮವಾಗಿತ್ತು. ಪಾಯ ಹಾಕುವ ದಿನ ಅವನು ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನಡೆಯುತ್ತಿದ್ದ. ಬಾಯಲ್ಲಿ ಎಣಿಕೆ. ಮೂಲೆ ಹಿಡಿಯುವಾಗ ಒಂದು ಕಡೆಗೆ ಮೂರು ಪಾದ, ಇನ್ನೊಂದು ಕಡೆಗೆ ನಾಲ್ಕು, ಎರಡರ ತುದಿ ಸೇರಿಸುವ ದಾರ ಐದು. ದಾರ ಐದಕ್ಕೆ ಸರಿಯಾಗಿ ಬಂದರೆ ಮೂಲೆ ಸರಿ, ಇಲ್ಲದಿದ್ದರೆ ಗೂಟ ಕಿತ್ತು ಮತ್ತೆ ಹೊಡೆಯುತ್ತಿದ್ದ. ಶಾಲೆಗೆ ಸೇರುವ ಮುಂಚೆಯೇ ಅವಳಿಗೆ ಆಕೃತಿಗಳು ಬಂದದ್ದು ಅವನಿಂದ. "ಮೂರು ಕಲ್ಲು ಇಟ್ರೆ ಒಲೆ. ನಾಲ್ಕು ಮೂಲೆ ಇಟ್ರೆ ಮನೆ. ಮೂಲೇನೇ ಇಲ್ದಿದ್ದು ಬೀಸೋ ಕಲ್ಲು," ಎನ್ನುತ್ತಿದ್ದ. "ನಾಕು ಕಾಲಿನ ಮಂಚ ಕುಂಟುತ್ತೆ, ಮೂರು ಕಲ್ಲಿನ ಒಲೆ ಯಾವತ್ತಾದ್ರೂ ಕುಂಟಿದ್ದು ನೋಡಿದೀಯಾ?" ಅವಳು ನೋಡಿರಲಿಲ್ಲ. ಇವತ್ತಿಗೂ ನೋಡಿಲ್ಲ.

ಕಲ್ಲನ್ನು ಕಿವಿಯಿಂದ ಗುರುತಿಸುವುದನ್ನೂ ಕಲಿಸಿದ್ದ. ಸುತ್ತಿಗೆ ತಾಗಿಸಿದರೆ ಕಗ್ಗಲ್ಲು ಗಂಟೆಯಂತೆ ಠಣ್ ಎನ್ನುತ್ತದೆ. ಸುಣ್ಣಕಲ್ಲಿನ ದನಿ ಮಂದ. ಬಳಪದ ಕಲ್ಲಿಗೆ ಉಗುರಿನಿಂದಲೇ ಗೀರು ಹಾಕಬಹುದು. ಬೆಣಚುಕಲ್ಲು ಗಾಜನ್ನೇ ಗೀರುತ್ತದೆ. ಮುಂದೆ ಮೇಡಂ ಆಗಿ ಮಕ್ಕಳಿಗೆ ಅಗ್ನಿಶಿಲೆ, ಪದರಶಿಲೆ, ರೂಪಾಂತರ ಶಿಲೆ ಎಂದು ಬೋರ್ಡಿನ ಮೇಲೆ ಬರೆಯುವಾಗಲೆಲ್ಲ ಅವಳ ಕಿವಿಯಲ್ಲಿ ಮೊದಲು ಕೇಳುತ್ತಿದ್ದುದು ಅಪ್ಪನ ಸುತ್ತಿಗೆಯೇ.

ಆಮೇಲೆ ಆ ಗೋಡೆ. ಅವಳು ಏಳನೇ ಕ್ಲಾಸು. ಊರ ಶಾಲೆಯ ಮುಂದಿನ ಕಾಂಪೌಂಡನ್ನು ಅಪ್ಪನೇ ಕಟ್ಟಿದ್ದ. ಕರಾರಿನ ಕಾಗದದಲ್ಲಿ ನಲವತ್ತು ಅಡಿ ಎಂದಿತ್ತು. ಅಪ್ಪ ನಲವತ್ತು ಪಾದ ಅಳೆದು ಕಟ್ಟಿದ. ಅವನ ಲೆಕ್ಕದಲ್ಲಿ ಒಂದು ಪಾದವೇ ಒಂದು ಅಡಿ. ಅಲ್ಲಿಯವರೆಗೆ ಊರಿಗೂ ಹಾಗೇ ಇತ್ತು, ಯಾರ ಮನೆಯೂ ಅದರಿಂದ ಬಿದ್ದಿರಲಿಲ್ಲ. ಗೋಡೆ ಮುಗಿದ ದಿನ ಊರಿನ ಹಿರಿಯರೆಲ್ಲ ಸೇರಿದ್ದರು. ಗಣಿತದ ರಘುನಾಥ್ ಮೇಷ್ಟ್ರು ಹೊಸ ಟೇಪನ್ನು ಪಲ್ಲವಿಯ ಕೈಗೆ ಕೊಟ್ಟು, "ಅಳೆದು ಹೇಳಮ್ಮ, ನಿಮ್ಮಪ್ಪನ ಗೋಡೆ," ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪಾಪ. ಜಾಣ ಹುಡುಗಿ ನಾಲ್ಕು ಜನರ ಮುಂದೆ ಅಳೆಯಲಿ ಎಂದಷ್ಟೇ.

ಅವಳು ಅಳೆದಳು. ಅಳೆದು, ಕ್ಲಾಸಿನಲ್ಲಿ ಉತ್ತರ ಗೊತ್ತಾದಾಗ ಕೂಗುವ ಹಾಗೆ ಕೂಗಿದಳು: "ಕಮ್ಮಿ ಐತೆ! ಮೂವತ್ತಮೂರು ಅಡಿ ನಾಲ್ಕು ಇಂಚು!"

ಜನ ನಕ್ಕರು. "ಮೇಸ್ತ್ರಿ ಆರೂವರೆ ಅಡಿ ಗೋಡೆ ನುಂಗಿದಾನೆ ಕಣ್ರೋ. ಮಗಳೇ ಹಿಡಿದಾಕಿದ್ಲು," ಎಂದ ಒಬ್ಬ. ಅಪ್ಪ ತನ್ನ ಪಾದಗಳನ್ನು ನೋಡಿಕೊಂಡು ನಿಂತಿದ್ದ. ಒಂದು ಟೇಪ್ ಕೊಂಡ, ಉಳಿದ ಗೋಡೆಯನ್ನು ಅದೇ ವಾರ ಕಟ್ಟಿ ಮುಗಿಸಿದ, ಆಮೇಲೆಂದೂ ಊರಿನಲ್ಲಿ ಪಾದವಿಟ್ಟು ಅಳೆಯಲಿಲ್ಲ. ಆದರೆ ನಗು ನಿಲ್ಲಲಿಲ್ಲ. "ಏನಪ್ಪ ಮೇಸ್ತ್ರಿ, ಮಗಳನ್ನ ಕರ್ಕೊಂಡು ಬಂದಿಲ್ವಾ?" ಎಂದು ಸುತ್ತಿನ ಹಳ್ಳಿಯವರೂ ಕೇಳತೊಡಗಿದರು. ಕೆಲಸ ಕಮ್ಮಿಯಾಯಿತು. ಕೊನೆಗೆ ಅವನು ಕ್ವಾರಿಗೆ ಮೇಸ್ತ್ರಿಯಾಗಿ ಹೋದ. ಕ್ವಾರಿಯಲ್ಲಿ ಏನಾಯಿತೆಂದು ಆಗಲೇ ಹೇಳಿದ್ದೇನೆ.

ಒಂಬತ್ತನೇ ಕ್ಲಾಸಿನಲ್ಲಿ ಲಂಬಕೋನ ತ್ರಿಭುಜದ ಪಾಠ ಬಂತು. ಮೂರು, ನಾಲ್ಕು, ಐದು ಎಂದು ಪುಸ್ತಕದಲ್ಲಿ ಅಚ್ಚಾಗಿದ್ದನ್ನು ನೋಡಿ ಪಲ್ಲವಿಗೆ ಮೈ ಜುಮ್ಮೆಂದಿತು. ಬಾಹುಗಳು ಮೂರು, ನಾಲ್ಕು, ಐದು ಅಡಿಯಾಗಿದ್ದರೂ ಸರಿ, ಗೇಣಾಗಿದ್ದರೂ ಸರಿ, ಜಂಬಣ್ಣನ ಪಾದವಾಗಿದ್ದರೂ ಸರಿ, ಮೂಲೆ ತೊಂಬತ್ತು ಡಿಗ್ರಿಯೇ. ಅಪ್ಪನ ಗೋಡೆ ಟೇಪಿಗೆ ಕಡಿಮೆ ಬಂದಿರಬಹುದು, ಆದರೆ ಅವನ ಪಾದ ಸುಳ್ಳು ಹೇಳಿರಲಿಲ್ಲ. ಇದನ್ನು ಅವನಿಗೆ ಹೇಳಬೇಕು ಅಂದುಕೊಂಡಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ವರ್ಷಗಳೇ ಹೋದವು. ಅವನ ಕಾಲು ಹೋದ ಮೇಲಂತೂ ಪಾದದ ಮಾತೆತ್ತುವ ಧೈರ್ಯವೇ ಬರಲಿಲ್ಲ. ತಾನು ಕೂಗದಿದ್ದರೆ ಅಪ್ಪ ಕ್ವಾರಿಗೆ ಹೋಗುತ್ತಿರಲಿಲ್ಲ ಎಂಬುದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಅದು ಪೂರ್ತಿ ನಿಜವಲ್ಲ. ಪೂರ್ತಿ ಸುಳ್ಳೆಂದು ಹೇಳಲು ನನಗೂ ಬಾಯಿ ಬರುವುದಿಲ್ಲ.

ಪಲ್ಲವಿ ಹೊರಗೆ ಬಂದಳು.

"ಅಪ್ಪನ ಪಾದ ಹತ್ತು ಇಂಚು," ಎಂದಳು.

ಎಲ್ಲರೂ ತಿರುಗಿ ನೋಡಿದರು. "ನಿನಗೆ ಹೆಂಗೆ ಗೊತ್ತಕ್ಕ?" ಎಂದ ಕೊಟ್ರೇಶ್.

"ನಲವತ್ತು ಪಾದ ಅಳೆದು ಕಟ್ಟಿದ ಗೋಡೆ ಮೂವತ್ತಮೂರು ಅಡಿ ನಾಲ್ಕು ಇಂಚು ಬಂದಿತ್ತು. ಅಂದ್ರೆ ನಾನೂರು ಇಂಚು. ನಲವತ್ತರಿಂದ ಭಾಗ್ಸು."

ಅಂದು ನಕ್ಕವರಲ್ಲಿ ಮೂರು ನಾಲ್ಕು ಜನ ಇವತ್ತು ಅಲ್ಲೇ ಇದ್ದರು, ತಲೆ ನರೆತು, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು. ಒಬ್ಬೊಬ್ಬರಿಗೆ ನೆನಪಾಗುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಕೊಟ್ರೇಶನಿಗೂ ನೆನಪಾಯಿತು. ಅಂದು ಅಪ್ಪ ತಟ್ಟೆಯ ಮುಂದೆ ಕೂತು ಊಟ ಮಾಡದೆ ಎದ್ದದ್ದನ್ನು ಕಂಡವನು ಅವನು.

"ಅವತ್ತು ಮಾನ ಕಳೆದಿದ್ದು ಸಾಲಲಿಲ್ವಾ? ಹೆಣದ ಮುಂದೇನೂ ಅದೇ ಲೆಕ್ಕ ಹೇಳ್ತೀಯಲ್ಲ," ಎಂದ.

"ಹೂಂ ಕಣೋ, ನಾನೇ ಕಳೆದಿದ್ದು," ಎಂದಳು ಪಲ್ಲವಿ. "ಮೂವತ್ತು ವರ್ಷದಿಂದ ಆ ಲೆಕ್ಕ ನನ್ನ ಹೊಟ್ಟೇಲಿ ಐತೆ. ಅಪ್ಪನ ಪಾದ ಇವತ್ತು ಉಳಿದಿರೋದು ಅದ್ರಲ್ಲೇ. ನಾನು ಹೇಳ್ದಿದ್ರೆ ಇನ್ಯಾರು ಹೇಳ್ತಾರೆ?"

ಮಠದ ಅಯ್ಯನವರು ಇಬ್ಬರನ್ನೂ ನೋಡಿದರು. "ಗೋಡೆ ಎಲ್ಲಿಗೂ ಓಡಿಹೋಗಿಲ್ಲವಲ್ಲ. ಅಕ್ಕ ತಮ್ಮ ಹೋಗಿ ಅಳೆದು ಬರ್ರಿ. ಹೊತ್ತು ಮುಳುಗೋದ್ರೊಳಗೆ ಕೂರಿಸಬೇಕು."

ಜುಂಜಯ್ಯ ಹಾರೆಯನ್ನು ಗೋಡೆಗೆ ಒರಗಿಸಿ, "ನಡೀರಿ ಹೋಗಾಣ," ಎಂದು ಮುಂದೆ ನಡೆದ.

ಅದು ಭಾನುವಾರವಾದ್ದರಿಂದ ಶಾಲೆ ಮುಚ್ಚಿತ್ತು. ಎಷ್ಟು ಸಲ ಊರಿಗೆ ಬಂದರೂ ಪಲ್ಲವಿ ಆ ಗೋಡೆಯ ಹತ್ತಿರ ಹೋದವಳಲ್ಲ. ಬಳಸಿಕೊಂಡು ಕೆರೆ ಕಡೆಯ ದಾರಿ ಹಿಡಿಯುತ್ತಿದ್ದಳು. ಈಗ ನೋಡಿದರೆ ಎಲ್ಲಿಂದ ಎಲ್ಲಿಗೆ ಅಳೆಯಬೇಕೆಂದು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಮೊದಲು ಕಟ್ಟಿದ್ದು ಊರ ಗುಡ್ಡದ ಕಗ್ಗಲ್ಲು, ಬೆಂಕಿಯಿಂದ ಹುಟ್ಟಿದ ಕಲ್ಲು. ಆಮೇಲೆ ಸೇರಿಸಿದ್ದು ಬೂದು ಬಣ್ಣದ ಸುಣ್ಣಕಲ್ಲು, ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಕಪ್ಪು ಮುಗಿದು ಬೂದು ಶುರುವಾಗುವ ಗೆರೆ ದೂರಕ್ಕೇ ಕಾಣುತ್ತಿತ್ತು.

ಕೊಟ್ರೇಶ್ ಮನೆಯಿಂದ ತಂದಿದ್ದ ಟೇಪಿನ ತುದಿಯನ್ನು ಮೂಲೆಗೆ ಒತ್ತಿ ಹಿಡಿದ. ಪಲ್ಲವಿ ಗೆರೆಯ ತನಕ ಎಳೆದಳು. ಓದಿದಳು. ಮೂವತ್ತಮೂರು ಅಡಿ ನಾಲ್ಕು ಇಂಚು. ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಕೊಟ್ರೇಶ್ ಬಂದು ತಾನೂ ಬಗ್ಗಿ ಓದಿ, ತಲೆಯಾಡಿಸಿ, ಟೇಪ್ ಸುತ್ತತೊಡಗಿದ.

"ತಡಿ," ಎಂದಳು ಪಲ್ಲವಿ.

ಅವಳ ಕಣ್ಣು ಸುಣ್ಣಕಲ್ಲಿನ ಭಾಗದ ಬುಡದ ಮೇಲೆ ನಿಂತಿತ್ತು. ಕಪ್ಪು ಗೋಡೆಯಲ್ಲಿ ಕಲ್ಲುಗಳು ದೊಡ್ಡವು ಚಿಕ್ಕವು ಬೆರೆತಿದ್ದವು, ಎಲ್ಲ ಗೋಡೆಗಳ ಹಾಗೆ. ಇಲ್ಲಿ ಬುಡದ ಸಾಲಿನ ಕಲ್ಲುಗಳೆಲ್ಲ ಒಂದೇ ಉದ್ದ. ಎಣಿಸಿದಳು, ಎಂಟು. ಮೊದಲನೆಯದಕ್ಕೆ ಟೇಪ್ ಹಿಡಿದಳು. ಹತ್ತು ಇಂಚು. ಎರಡನೆಯದು ಹತ್ತು. ಮೂರನೆಯದು ಹತ್ತು. ಸಂದಿಯೇ ಕಾಣದಂತೆ ಕೂಡಿಸಿದ ಎಂಟು ಕಲ್ಲು, ಎಂಟೂ ಹತ್ತತ್ತು ಇಂಚು. ಆರು ಅಡಿ ಎಂಟು ಇಂಚಿನ ಆ ಕೊರತೆಯನ್ನು ಅಪ್ಪ ತುಂಬಿದ್ದು ತನ್ನ ಪಾದದಿಂದಲೇ.

ಅವಳು ನೆಲದ ಮೇಲೆ ಕೂತುಬಿಟ್ಟಳು.

"ಹೌದಲ್ಲ! ಮರೆತೇ ಹೋಗಿತ್ತು ನನಗೆ," ಎಂದ ಜುಂಜಯ್ಯ. ಅವನೂ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದು ಕಲ್ಲನ್ನೂ ಅಂಗೈಯಿಂದ ಸವರಿದ. "ಒಂದೊಂದು ಕಲ್ಲಿನ ಮೇಲೂ ಅಣ್ಣ ಪಾದ ಇಡೋರು, ನಾನು ಇದ್ದಿಲಲ್ಲಿ ಗೀಟು ಹಾಕಿ ಕಡಿಯಾವೆ. ಹೊಸ ಟೇಪ್ ಐತಲ್ಲಣ್ಣ, ಯಾಕೆ ಈ ಫಜೀತಿ ಅಂದೆ. ಅದಕ್ಕೇನಂದ್ರು ಗೊತ್ತಾ? 'ಮಗಳು ಹೇಳಿದ್ದು ಸರಿ ಐತೆ ಜುಂಜ, ಗೋಡೆ ಕಮ್ಮಿ ಇತ್ತು. ನನ್ನ ಕಾಲೂ ಸುಳ್ಳಲ್ಲ. ಓದಿ ದೊಡ್ಡೋಳಾದ್ಮೇಲೆ ಒಂದಿನ ಬಂದು ಇದನ್ನ ಅಳೀತಾಳೆ, ಆಗ ತಿಳೀತೈತೆ' ಅಂದ್ರು."

ಪಲ್ಲವಿ ಆಗ ಅತ್ತಳು. ಮನೆಯಲ್ಲಿ ಅತ್ತದ್ದು ಅಳುವೇ ಅಲ್ಲ ಎನ್ನುವ ಹಾಗೆ, ಗೋಡೆಗೆ ಹಣೆ ಹಚ್ಚಿ ಅತ್ತಳು. ಅಪ್ಪ ಕಾಯುತ್ತಿದ್ದ. ಕಾಲು ಹೋದ ಮೇಲೆಯೂ, ಜಗಲಿಯ ಮೇಲೆ ಕೂತು, ಅವಳು ಪ್ರತಿ ಸಲ ಕೆರೆ ದಾರಿ ಹಿಡಿಯುವುದನ್ನು ನೋಡುತ್ತ ಕಾದಿದ್ದ. ಎರಡು ಫರ್ಲಾಂಗಿನಷ್ಟು ನಡೆಯಲು ಅವಳಿಗೆ ಮೂವತ್ತು ವರ್ಷ ಹಿಡಿದಿತ್ತು. ಕೊಟ್ರೇಶ್ ಅವಳ ಬೆನ್ನ ಮೇಲೆ ಕೈ ಇಟ್ಟ.

ಆಮೇಲೆ ಅವನು ತನ್ನ ಹನ್ನೊಂದು ಇಂಚಿನ ಕಡ್ಡಿಯನ್ನು ಜೇಬಿನಿಂದ ತೆಗೆದು, ಸುಣ್ಣಕಲ್ಲೊಂದರ ಮೇಲೆ ಹಿಡಿದು, ಹೆಚ್ಚಾಗಿದ್ದ ತುದಿಯನ್ನು ಮುರಿದು ಎಸೆದ. ಉಳಿದದ್ದನ್ನು ಅವಳ ಕೈಗೆ ಕೊಟ್ಟ.

"ನೀನೇ ಹಿಡಿ," ಎಂದ.

ರುದ್ರಭೂಮಿಯಲ್ಲಿ ಹೆಣ್ಣುಮಗಳು ಅಳತೆ ಹಿಡಿದದ್ದು ಆ ಊರಿನಲ್ಲಿ ಅದೇ ಮೊದಲು. ಒಂದಿಬ್ಬರು ಗೊಣಗಿದರು. ಅಯ್ಯನವರು ಕೇಳಿಸಲಿಲ್ಲವೆಂಬಂತೆ ಬಿಲ್ವಪತ್ರೆ ಬಿಡಿಸುತ್ತ ಕೂತರು. ಪಲ್ಲವಿ ಮಂಡಿಯೂರಿ ಕಡ್ಡಿಯನ್ನು ನೆಲಕ್ಕೆ ಇಟ್ಟು, ಎತ್ತಿ, ಮತ್ತೆ ಇಟ್ಟಳು. ಒಂಬತ್ತು ಪಾದ ಉದ್ದ. ಐದು ಪಾದ ಅಗಲ. ಮೂಲೆಗೆ ಬಂದಾಗ ಜುಂಜಯ್ಯ ಹೇಳಿಸಿಕೊಳ್ಳದೆಯೇ ದಾರ ತಂದು ಹಿಡಿದ. ಇತ್ತ ಮೂರು, ಅತ್ತ ನಾಲ್ಕು, ನಡುವೆ ಐದು. ದಾರ ಕರಾರುವಾಕ್ಕಾಗಿ ಐದಕ್ಕೆ ಬಂತು.

ನೆಲ ಸುಲಭದ್ದಲ್ಲ. ಎರಡು ಅಡಿ ಕೆಂಪು ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ನಡುವೆ ಬಿಳಿ ಬೆಣಚಿನ ಎಳೆಗಳು. ಹಾರೆ ಬಿದ್ದಾಗೆಲ್ಲ ಕಿಡಿ ಹಾರುತ್ತಿತ್ತು. ನಾಲ್ಕು ಜನ ಸರದಿಯಲ್ಲಿ ಅಗೆದರು. ಗೂಡನ್ನು ಮಾತ್ರ ಜುಂಜಯ್ಯ ಯಾರಿಗೂ ಬಿಡಲಿಲ್ಲ. ಬುಡದಲ್ಲಿ ಮೂರು ಪಾದ, ಮೇಲೆ ಹೋಗುತ್ತ ಎರಡೂ ಕಡೆಯಿಂದ ಕಿರಿದಾಗುತ್ತ ತುದಿಯಲ್ಲಿ ಕೂಡುವ ಹಾಗೆ ಉಳಿಯಿಂದ ಬಿಡಿಸಿದ. ಮೇಲಿನ ಮಣ್ಣಿನ ಭಾರವೆಲ್ಲ ಎರಡು ಓರೆಗಳ ಮೇಲೆ ಇಳಿದು ಹೋಗುತ್ತದೆ, ಅದಕ್ಕೇ ತ್ರಿಕೋನದ ಗೂಡು ಕುಸಿಯುವುದಿಲ್ಲ. ಇದನ್ನು ಪಲ್ಲವಿ ಕ್ಲಾಸಿನಲ್ಲಿ ಚಿತ್ರ ಬರೆದು ಹೇಳುತ್ತಾಳೆ. ಇವತ್ತು ದಂಡೆಯ ಮೇಲೆ ನಿಂತು ಬರಿದೆ ನೋಡಿದಳು.

ಹೊತ್ತು ಇಳಿಯುವಾಗ ಜಂಬಣ್ಣನನ್ನು ತಂದರು. ಕೊಟ್ರೇಶನೂ ಜುಂಜಯ್ಯನೂ ಗುಣಿಯೊಳಗೆ ನಿಂತು ಕೈಯೊಡ್ಡಿ ಇಳಿಸಿಕೊಂಡರು. ಪದ್ಮಾಸನ ಹಾಕಿಸಲು ಕಾಲಿಲ್ಲ. ಬಸಮ್ಮ ಮೇಲಿನಿಂದ ಅದೇ ಕಂಬಳಿ ಕೊಟ್ಟಳು, ಅದನ್ನು ಕಾಲಿನ ಜಾಗದಲ್ಲಿ ಮಡಿಸಿ ಹೊಂದಿಸಿದರು. ಬೆನ್ನು ಗೂಡಿನ ಗೋಡೆಗೆ ತಾಗಿತು. ಎರಡು ಭುಜಕ್ಕೂ ಎರಡೂ ಓರೆಗಳಿಗೂ ನಡುವೆ ಸಮನಾದ ಜಾಗ ಉಳಿಯಿತು. ನೆತ್ತಿ ತುದಿಯ ನೇರಕ್ಕೆ ಬಂತು. ಬೇರೆಯವರ ಮನೆಯಲ್ಲಿ ಕೂತವನಂತೆ ಅವನು ಕಾಣಲಿಲ್ಲ.

ವಿಭೂತಿ, ಬಿಲ್ವಪತ್ರೆ ಹಾಕುವ ಮುಂಚೆ ಜುಂಜಯ್ಯ ಬೆವರು ಒರೆಸಿಕೊಂಡು ತಲೆಯೆತ್ತಿದ. ಪಾಯ ಮುಗಿದಾಗೆಲ್ಲ ಮೇಸ್ತ್ರಿಯನ್ನು ಕೇಳುತ್ತಿದ್ದ ಹಾಗೆಯೇ ಕೇಳಿದ:

"ಹೆಂಗೈತವ್ವ? ನೋಡಿ ಹೇಳು."

ಗುಣಿಯ ಸುತ್ತ ಊರೇ ನಿಂತಿತ್ತು. ಪಲ್ಲವಿ ಕಡ್ಡಿಯನ್ನು ಎದೆಗೆ ಒತ್ತಿಕೊಂಡು, ಹಿಂದೆ ನಿಂತವರಿಗೂ ಕೇಳುವ ಹಾಗೆ, ಏಳನೇ ಕ್ಲಾಸಿನ ಆ ಗಟ್ಟಿ ದನಿಯಲ್ಲೇ ಹೇಳಿದಳು:

"ಸರಿ ಐತೆ ಅಪ್ಪ. ಸರಿಯಾಗೈತೆ."